ಗಿರಾಕಿಯ ಮಾತನ್ನು ತೂಗಿ ನೋಡುವುದು ಹೇಗೆ?



ಬೆಳೆಯುವುದು ಮಾತ್ರವಲ್ಲ, ಬೆಳೆದುದನ್ನು ಹಸನುಮಾಡಿ ನೇರವಾಗಿ ಮಾರುವುದೂ ಈಗ ಅನೇಕ ಹಳ್ಳಿಗಳಲ್ಲಿ ರೈತರ ಕೆಲಸವಾಗಿದೆ. ಬೆಲ್ಲ, ಗಾಣದ ಎಣ್ಣೆ, ರಾಗಿ ಹಿಟ್ಟು, ಹಪ್ಪಳ, ಉಪ್ಪಿನಕಾಯಿ, ತರಕಾರಿ ಹೀಗೆ ಹಲವು ಪದಾರ್ಥಗಳು ಸಂಘಗಳ ಮೂಲಕ ಪಟ್ಟಣದ ಮನೆಗಳನ್ನು ಸೇರುತ್ತಿವೆ. ಇಂತಹ ಸಂಘಗಳಿಗೆ ಎಲ್ಲರೂ ಕೊಡುವ ಸಲಹೆ ಒಂದೇ: “ಗಿರಾಕಿಗಳ ಅಭಿಪ್ರಾಯ ಕೇಳಿ.” ಸಲಹೆ ಸರಿಯಾದುದೇ. ಆದ್ದರಿಂದ ಸಂಘದವರು ಒಂದು ಹಾಳೆಯಲ್ಲಿ ನಾಲ್ಕಾರು ಪ್ರಶ್ನೆ ಅಚ್ಚು ಹಾಕಿಸಿ ಹಂಚುತ್ತಾರೆ, ಇಲ್ಲವೇ ಫೋನಿಗೆ ಸಂದೇಶ ಕಳುಹಿಸುತ್ತಾರೆ. ಬಂದ ಉತ್ತರಗಳಲ್ಲಿ ಹೆಚ್ಚಿನವು “ಚೆನ್ನಾಗಿದೆ” ಎಂದಿರುತ್ತವೆ. ಸಭೆಯಲ್ಲಿ ಅದನ್ನು ಓದಿ ಎಲ್ಲರೂ ಸಂತೋಷಪಡುತ್ತಾರೆ. ಆರು ತಿಂಗಳ ನಂತರ ಮಾರಾಟದ ಪುಸ್ತಕ ತೆಗೆದರೆ ಅರ್ಧ ಗಿರಾಕಿಗಳು ಮತ್ತೆ ಬಂದಿರುವುದೇ ಇಲ್ಲ.

ಇಲ್ಲಿ ತಪ್ಪಿದ್ದು ಎಲ್ಲಿ? ಕೇಳಿದ್ದು ತಪ್ಪಲ್ಲ. ಕೇಳಿದ ರೀತಿ ಸರಿಯಾಗಿದೆಯೇ ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ. ಬೀಜ ಬಿತ್ತುವ ಮೊದಲು ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಎಷ್ಟು ಮೊಳೆಯುತ್ತವೆ ಎಂದು ನೋಡುತ್ತೇವೆ. ತಕ್ಕಡಿಯನ್ನು ನಂಬುವ ಮೊದಲು ತಟ್ಟೆಗಳನ್ನು ಅದಲು ಬದಲು ಮಾಡಿ ನೋಡುತ್ತೇವೆ. ಗಿರಾಕಿಗಳ ಸಮೀಕ್ಷೆಯೂ ಒಂದು ತಕ್ಕಡಿಯೇ. ಅದನ್ನೂ ಪರೀಕ್ಷಿಸಿಯೇ ನಂಬತಕ್ಕದ್ದು. ಈ ಪರೀಕ್ಷೆಯನ್ನು ಹಳ್ಳಿಯ ಸಂಘವು ಒಂದು ನೋಟುಬುಕ್ಕು ಮತ್ತು ಪೆನ್ಸಿಲಿನಿಂದಲೇ ಮಾಡಿಕೊಳ್ಳುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಸುಲಭವಾಗಲೆಂದು ಬೆಲ್ಲದ ಉದಾಹರಣೆಯನ್ನು ತೆಗೆದುಕೊಂಡಿದೆ. ಆಲೆಮನೆಯುಳ್ಳ ರೈತರ ಒಂದು ಸಂಘವು ಹತ್ತಿರದ ಪಟ್ಟಣದ 240 ಮನೆಗಳಿಗೆ ಬೆಲ್ಲ ಮಾರುತ್ತದೆ ಎಂದು ಭಾವಿಸಿರಿ. ಮುಂದೆ ಬರುವ ಸಂಘದ ಲೆಕ್ಕಗಳೆಲ್ಲ ಪಾಠಕ್ಕಾಗಿ ಇಟ್ಟುಕೊಂಡವು. ನಿಮ್ಮ ಸಂಘದ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಂಡರೆ ನಿಮ್ಮ ಲೆಕ್ಕ ಸಿಗುತ್ತದೆ.

1. ಯಾರನ್ನು ಕೇಳಿದಿರಿ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎಂಬ ಮಾತುಂಟು. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ ಈ ಮಾತು ಸಲ್ಲುತ್ತದೆ. ಗಿರಾಕಿಗಳು ಒಂದೇ ಪಾತ್ರೆಯ ಅಗುಳುಗಳಲ್ಲ. ಅಂಗಡಿಯ ಹತ್ತಿರ ಇರುವವರು ಬೇರೆ, ದೂರದ ಬಡಾವಣೆಯವರು ಬೇರೆ. ವಾರಕ್ಕೊಮ್ಮೆ ಕೊಳ್ಳುವವರು ಬೇರೆ, ಹಬ್ಬಕ್ಕೆ ಮಾತ್ರ ಕೊಳ್ಳುವವರು ಬೇರೆ.

ಇದಕ್ಕೆ ಮಣ್ಣು ಪರೀಕ್ಷೆಯ ಕ್ರಮವೇ ಒಳ್ಳೆಯ ಮಾದರಿ. ಮಣ್ಣಿನ ಮಾದರಿ ತೆಗೆಯುವಾಗ ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಮರದ ಬುಡ ಇವುಗಳನ್ನು ಬಿಡುತ್ತೇವೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಮಣ್ಣು ತೆಗೆದು, ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರು ಭಾಗಗಳನ್ನು ಉಳಿಸಿಕೊಳ್ಳುತ್ತಾ ಅರ್ಧ ಕಿಲೋಗೆ ಇಳಿಸುತ್ತೇವೆ. ತಿಪ್ಪೆಯ ಮಣ್ಣನ್ನೇ ಕಳುಹಿಸಿದರೆ ಪ್ರಯೋಗಾಲಯದವರು ಎಷ್ಟು ನಿಖರವಾಗಿ ಪರೀಕ್ಷಿಸಿದರೂ ಬರುವ ವರದಿ ತಿಪ್ಪೆಯದೇ ಹೊರತು ಹೊಲದ್ದಲ್ಲ. ಅದೇ ರೀತಿ, ಅಂಗಡಿಗೆ ನಗುಮುಖದಿಂದ ಬರುವವರನ್ನೇ ಕೇಳಿದರೆ ಸಿಗುವುದು ತಿಪ್ಪೆಯ ವರದಿ. ಬರುವುದನ್ನು ನಿಲ್ಲಿಸಿದವರ ಮಾತು ಅದರಲ್ಲಿ ಇರುವುದಿಲ್ಲ.

ಬೆಳೆ ಕಟಾವು ಪ್ರಯೋಗವನ್ನೂ ನೀವು ನೋಡಿದ್ದೀರಿ. ಅಲ್ಲಿ ಒಳ್ಳೆಯ ತೆನೆ ಇರುವ ಮೂಲೆಯನ್ನು ತೋರಿಸಲು ಹೊಲದ ಯಜಮಾನನಿಗೆ ಅವಕಾಶವಿಲ್ಲ. ಸರ್ವೆ ನಂಬರೂ, ತಾಕಿನ ಜಾಗವೂ ಮನಸ್ಸಿಗೆ ಬಂದಂತಲ್ಲದೆ ಅಂಕಿಗಳ ಪಟ್ಟಿಯಿಂದ ಆರಿಸಲ್ಪಡುತ್ತವೆ. ಸಂಘವೂ ಹೀಗೆಯೇ ಮಾಡಬೇಕು. 240 ಹೆಸರುಗಳನ್ನು ಸಾಲಾಗಿ ಬರೆದುಕೊಳ್ಳಿ. ಒಂದರಿಂದ ನಾಲ್ಕರ ಒಳಗೆ ಒಂದು ಚೀಟಿ ಎತ್ತಿ. ಮೂರು ಬಂದರೆ ಮೂರನೆಯ ಹೆಸರು, ಏಳನೆಯದು, ಹನ್ನೊಂದನೆಯದು, ಹೀಗೆ ನಾಲ್ಕು ನಾಲ್ಕು ದಾಟುತ್ತಾ ಹೋದರೆ 60 ಹೆಸರು ಸಿಗುತ್ತವೆ. ಈ 60ರಲ್ಲಿ ಯಾರೇ ಇರಲಿ, ಅವರನ್ನೇ ಕೇಳಬೇಕು. ಬೇಡವಾದವರನ್ನು ಬಿಟ್ಟು ಬೇಕಾದವರನ್ನು ಸೇರಿಸಬಾರದು.

ಎಷ್ಟು ಜನರನ್ನು ಕೇಳಬೇಕು ಎಂಬುದಕ್ಕೆ ಒಂದು ಸ್ಥೂಲ ಲೆಕ್ಕವಿದೆ. ಬಹಳ ದೊಡ್ಡ ಸಮೂಹದಿಂದ ಚೀಟಿ ಎತ್ತಿ 100 ಜನರನ್ನು ಕೇಳಿದರೆ, ಬರುವ ಶೇಕಡಾವಾರು ಅಂಕಿ ಸಾಮಾನ್ಯವಾಗಿ 10ರಷ್ಟು ಆಚೆ ಈಚೆ ಇರಬಹುದು. 400 ಜನರನ್ನು ಕೇಳಿದರೆ 5ರಷ್ಟು. ಅಂದರೆ ತಪ್ಪನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಜನರನ್ನು ಕೇಳಬೇಕಾಗುತ್ತದೆ. ಆದುದರಿಂದ ಶೇಕಡಾ 78 ಇದ್ದುದು 81 ಆಯಿತೆಂದು ಸಣ್ಣ ಸಂಘವು ಸಿಹಿ ಹಂಚುವುದು ಬೇಡ. ಅದು ಗಾಳಿಗೆ ಅಲುಗಿದ ತಕ್ಕಡಿಯೂ ಆಗಿರಬಹುದು.

2. ಉತ್ತರ ಕೊಡದವರು ಯಾರು?

ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಆದರೆ ಹೆಚ್ಚಿನವರು ಮಾಡದೆ ಬಿಡುವ ಪರೀಕ್ಷೆ.

ಇದಕ್ಕೆ ಹೊರದೇಶದ ಒಂದು ಪ್ರಸಿದ್ಧ ನಿದರ್ಶನವಿದೆ. 1936ರಲ್ಲಿ ಅಮೇರಿಕದ ಅಧ್ಯಕ್ಷರ ಚುನಾವಣೆಗೆ ಮೊದಲು ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆಯು ಸುಮಾರು ಒಂದು ಕೋಟಿ ಜನರಿಗೆ ಕಾರ್ಡುಗಳನ್ನು ಕಳುಹಿಸಿ ಅಭಿಪ್ರಾಯ ಕೇಳಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳನ್ನು ಎಣಿಸಿದ ಪತ್ರಿಕೆಯು ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಚುನಾವಣೆಯಲ್ಲಿ ರೂಸ್‌ವೆಲ್ಟ್ ಅವರು 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಪತ್ರಿಕೆಯು ಹೆಸರುಗಳನ್ನು ಆರಿಸಿದ್ದು ಹೆಚ್ಚಾಗಿ ಟೆಲಿಫೋನ್ ಪುಸ್ತಕ ಹಾಗೂ ಮೋಟಾರು ಕಾರಿನ ನೋಂದಣಿ ಪಟ್ಟಿಗಳಿಂದ. ಆ ಕಷ್ಟದ ದಿನಗಳಲ್ಲಿ ಫೋನೂ ಕಾರೂ ಇದ್ದವರು ಉಳ್ಳವರು. ಅದರ ಮೇಲೆ, ಕಾರ್ಡು ತಲಪಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ. ಇದಕ್ಕಿಂತ ಬಹಳ ಕಡಿಮೆ ಜನರನ್ನು ಆರಿಸಿ ಕೇಳಿದ ಜಾರ್ಜ್ ಗ್ಯಾಲಪ್ ಎಂಬವರು ಗೆಲ್ಲುವವರನ್ನು ಸರಿಯಾಗಿ ಹೇಳಿದರು. ರಾಶಿ ದೊಡ್ಡದಾದ ಮಾತ್ರಕ್ಕೆ ಮಾದರಿ ಸರಿಯಾಗುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಈಗ ನಮ್ಮ ಬೆಲ್ಲದ ಲೆಕ್ಕಕ್ಕೆ ಬರೋಣ.

ಕೇಳಿದ ಮನೆಗಳು: 60
ಉತ್ತರ ಕೊಟ್ಟವರು: 45
“ಚೆನ್ನಾಗಿದೆ” ಎಂದವರು: 36

45ರಲ್ಲಿ 36 ಎಂದರೆ ಶೇಕಡಾ 80. ಸಭೆಯಲ್ಲಿ ಓದುವುದು ಈ ಅಂಕಿಯನ್ನೇ. ಆದರೆ ಉತ್ತರ ಕೊಡದ 15 ಮನೆಗಳ ಮನಸ್ಸಿನಲ್ಲಿ ಏನಿದೆ? ಅವರೆಲ್ಲರಿಗೂ ಬೆಲ್ಲ ಹಿಡಿಸಿಲ್ಲವೆಂದು ಇಟ್ಟುಕೊಂಡರೆ 60ರಲ್ಲಿ 36, ಅಂದರೆ ಶೇಕಡಾ 60. ಎಲ್ಲರಿಗೂ ಹಿಡಿಸಿದೆಯೆಂದು ಇಟ್ಟುಕೊಂಡರೆ 60ರಲ್ಲಿ 51, ಅಂದರೆ ಶೇಕಡಾ 85. ನಿಜವು 60 ಮತ್ತು 85ರ ನಡುವೆ ಎಲ್ಲಿಯೋ ಇದೆ. ಉತ್ತರ ಕೊಡದವರು ಹೆಚ್ಚಿದಷ್ಟೂ ಈ ಅಂತರ ಅಗಲವಾಗುತ್ತದೆ.

ಈ ಅಂತರವನ್ನು ಕಿರಿದು ಮಾಡಲು ಒಂದು ದಾರಿಯಿದೆ. ಆ 15ರಲ್ಲಿ ಚೀಟಿ ಎತ್ತಿ ಐದು ಮನೆಗಳನ್ನು ಆರಿಸಿ, ಅವುಗಳಿಗೆ ಖುದ್ದಾಗಿ ಹೋಗಿ ಕೇಳಬೇಕು. ಐದರಲ್ಲಿ ಒಂದು ಮನೆಯವರು ಮಾತ್ರ “ಚೆನ್ನಾಗಿದೆ” ಎಂದರು ಎನ್ನಿ. ಅದೇ ಪ್ರಮಾಣದಲ್ಲಿ 15ಕ್ಕೆ ಮೂರು ಮನೆ. 36ಕ್ಕೆ 3 ಸೇರಿಸಿದರೆ 39. 60ಕ್ಕೆ ಶೇಕಡಾ 65. ಐದು ಮನೆಯ ಲೆಕ್ಕ ಒರಟಾದದ್ದು ನಿಜ. ಆದರೂ 80 ಎಂದು ನಂಬಿ ಕುಳಿತುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಅರ್ಧ ದಿನದ ಓಡಾಟದಿಂದ ಇಷ್ಟು ತಿಳಿಯಿತು.

3. ಪ್ರಶ್ನೆಯು ಜಳ್ಳನ್ನೂ ಕಾಳನ್ನೂ ಬೇರ್ಪಡಿಸುತ್ತದೆಯೇ?

ಏನನ್ನು ಇಟ್ಟರೂ ಒಂದೇ ತೂಕ ತೋರಿಸುವ ತಕ್ಕಡಿಯಿಂದ ಪ್ರಯೋಜನವಿಲ್ಲ. “ನಮ್ಮ ಬೆಲ್ಲ ಚೆನ್ನಾಗಿದೆಯೇ?” ಎಂಬ ಪ್ರಶ್ನೆ ಅಂತಹ ತಕ್ಕಡಿ. ಮನೆ ಬಾಗಿಲಿಗೆ ಬಂದವರ ಮುಖ ನೋಡಿ “ಚೆನ್ನಾಗಿಲ್ಲ” ಎನ್ನಲು ನಮ್ಮ ಜನ ಹಿಂಜರಿಯುತ್ತಾರೆ. ಮಾರಿದವರೇ ಹೋಗಿ ಕೇಳಿದರಂತೂ ದಾಕ್ಷಿಣ್ಯ ಇನ್ನೂ ಹೆಚ್ಚು. ಆದುದರಿಂದ ಕೇಳುವವರು ಮಾರಿದವರಾಗಿರಬಾರದು. ಊರಿನ ಓದುವ ಹುಡುಗ ಹುಡುಗಿಯರು ಈ ಕೆಲಸಕ್ಕೆ ತಕ್ಕವರು.

ಅಭಿಪ್ರಾಯ ಕೇಳುವುದಕ್ಕಿಂತ ನಡೆದ ಸಂಗತಿ ಕೇಳುವುದು ಲೇಸು. “ಕಳೆದ ಸಲ ಕೊಂಡ ಬೆಲ್ಲ ಮುಗಿಯುವ ಮೊದಲೇ ನೀರು ಬಿಟ್ಟುಕೊಂಡಿತೇ?” ಎಂದು ಕೇಳಿದರೆ ಉತ್ತರ ಹೇಳಲು ದಾಕ್ಷಿಣ್ಯವಿಲ್ಲ. ಮಳೆಗಾಲದಲ್ಲಿ ಬೆಲ್ಲವು ಗಾಳಿಯ ತೇವವನ್ನು ಹೀರಿ ಜಿನುಗುವುದು ಎಲ್ಲ ಮನೆಯವರೂ ಕಂಡ ವಿಷಯ.

ಪ್ರಶ್ನೆಯು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಉತ್ತರವನ್ನು ಮಾರಾಟದ ಪುಸ್ತಕದ ಪಕ್ಕದಲ್ಲಿಟ್ಟು ನೋಡಬೇಕು. ಉತ್ತರಿಸಿದ 45 ಮನೆಗಳಲ್ಲಿ ಮುಂದಿನ ಮೂರು ತಿಂಗಳಲ್ಲಿ 20 ಮನೆಯವರು ಮತ್ತೆ ಕೊಂಡರು ಎನ್ನಿ. ಆಗ ಲೆಕ್ಕ ಹೀಗಿರಬಹುದು.

ಮೊದಲ ಪ್ರಶ್ನೆ: “ಬೆಲ್ಲ ಚೆನ್ನಾಗಿದೆಯೇ?”
ಹೌದು ಎಂದವರು 36. ಮತ್ತೆ ಕೊಂಡವರು 18. ಅಂದರೆ ಶೇಕಡಾ 50.
ಇಲ್ಲ ಎಂದವರು 9. ಮತ್ತೆ ಕೊಂಡವರು 2. ಅಂದರೆ ಶೇಕಡಾ 22.

ಎರಡನೆಯ ಪ್ರಶ್ನೆ: “ಬೆಲ್ಲ ನೀರು ಬಿಟ್ಟುಕೊಂಡಿತೇ?”
ಇಲ್ಲ ಎಂದವರು 20. ಮತ್ತೆ ಕೊಂಡವರು 15. ಅಂದರೆ ಶೇಕಡಾ 75.
ಹೌದು ಎಂದವರು 25. ಮತ್ತೆ ಕೊಂಡವರು 5. ಅಂದರೆ ಶೇಕಡಾ 20.

ಮೊದಲ ಪ್ರಶ್ನೆಗೆ “ಹೌದು” ಎಂದವರಲ್ಲಿ ಅರ್ಧ ಜನ ತಿರುಗಿ ಬರಲಿಲ್ಲ. ಎರಡನೆಯ ಪ್ರಶ್ನೆಯು ಉಳಿಯುವವರನ್ನೂ ಬಿಟ್ಟುಹೋಗುವವರನ್ನೂ ಬಹು ಸ್ಪಷ್ಟವಾಗಿ ಬೇರ್ಪಡಿಸಿತು. ಒಂದು ಪ್ರಶ್ನೆಯ ಬೆಲೆಯನ್ನು ಅಳೆಯುವ ರೀತಿ ಇದೇ. ಮುಂದಿನ ಸಲ ಮೊದಲ ಪ್ರಶ್ನೆಯನ್ನು ಕೈಬಿಟ್ಟರೂ ನಷ್ಟವಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ. ಕೇಳಿದ ಮನೆಗಳಲ್ಲಿ ಆರೇಳನ್ನು ಆರಿಸಿ, ಹತ್ತು ದಿನದ ನಂತರ ಬೇರೊಬ್ಬರು ಹೋಗಿ ಅದೇ ಪ್ರಶ್ನೆ ಕೇಳಬೇಕು. ಉತ್ತರಗಳು ಬಹುಪಾಲು ಹೊಂದಿಕೆಯಾದರೆ ಪ್ರಶ್ನೆ ಗಟ್ಟಿಯಾದುದು. ಕೇಳಿದವರು ಬದಲಾದಂತೆ ಉತ್ತರವೂ ಬದಲಾದರೆ, ಪ್ರಶ್ನೆ ಗೊಂದಲದ್ದು ಅಥವಾ ಕೇಳಿದ ರೀತಿ ಸರಿಯಿಲ್ಲ.

4. ತಪ್ಪು ಪ್ರಶ್ನೆಯಿಂದ ಆಗುವ ಹಾನಿ

ಪ್ರಶ್ನೆಯನ್ನು ಹೇಗೆ ಕೇಳಿದರೇನು ಎಂದು ಕೆಲವರು ಭಾವಿಸಬಹುದು. ಬೆಲ್ಲದ ವಿಷಯದಲ್ಲಿಯೇ ಇದರ ಅಪಾಯವನ್ನು ನೋಡಿರಿ. “ಬೆಲ್ಲ ಇನ್ನೂ ಬೆಳ್ಳಗೆ ಹೊಳೆಯುವಂತಿದ್ದರೆ ನಿಮಗೆ ಇಷ್ಟವೇ?” ಎಂದು ಕೇಳಿದರೆ ಬಹಳ ಜನ “ಹೌದು” ಎನ್ನುತ್ತಾರೆ. ಪ್ರಶ್ನೆಯೇ ಉತ್ತರವನ್ನು ಬಾಯಿಗೆ ಇಟ್ಟುಬಿಟ್ಟಿದೆ. ಈ ಉತ್ತರವನ್ನು ಹಿಡಿದುಕೊಂಡು ಆಲೆಮನೆಗೆ ಹೋದರೆ, ಕೊಪ್ಪರಿಗೆಗೆ ಹೈಡ್ರೋಸ್ ಹೆಚ್ಚು ಹಾಕುವುದೇ ಸುಲಭದ ದಾರಿಯಾಗಿ ಕಾಣುತ್ತದೆ. ಹೈಡ್ರೋಸಿನಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗವನ್ನು ಮೀರಬಾರದು. ಅಲ್ಲದೆ ಹೀಗೆ ಬಿಳುಪು ಮಾಡಿದ ಬೆಲ್ಲವು ಕೊಳ್ಳುವ ದಿನ ಕಣ್ಣಿಗೆ ಚೆಂದ ಕಂಡರೂ ಇಟ್ಟಷ್ಟು ದಿನವೂ ಬಣ್ಣ ಕೆಡುತ್ತಾ ಹೋಗುತ್ತದೆ.

“ಬಣ್ಣ ಸ್ವಲ್ಪ ಕಂದಾಗಿದ್ದು ಮದ್ದು ಹಾಕದ ಬೆಲ್ಲ ಒಂದು, ಬೆಳ್ಳಗಿದ್ದು ಮದ್ದು ಹಾಕಿದ ಬೆಲ್ಲ ಒಂದು, ಒಂದೇ ಬೆಲೆಯಾದರೆ ಯಾವುದನ್ನು ಕೊಳ್ಳುವಿರಿ?” ಎಂದು ಕೇಳಿದರೆ ಉತ್ತರ ಬೇರೆಯಾಗಬಹುದು. ಆಗ ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು, ಹದವರಿತು ಕಾಸುವ ನಮ್ಮ ಹಳೆಯ ಕ್ರಮಕ್ಕೇ ಬೆಲೆ ಸಿಕ್ಕೀತು. ಒಂದು ಪ್ರಶ್ನೆಯ ಮಾತಿನ ಜೋಡಣೆಯಿಂದ ಆಲೆಮನೆಯ ಪದ್ಧತಿಯೇ ಬದಲಾಗಬಹುದು, ತಿನ್ನುವವರ ಆರೋಗ್ಯಕ್ಕೂ ಅದು ತಟ್ಟಬಹುದು. ಆದ್ದರಿಂದ ಪ್ರಶ್ನೆಗಳನ್ನು ಅಚ್ಚು ಹಾಕಿಸುವ ಮೊದಲು ನಾಲ್ಕೈದು ಮನೆಗಳಲ್ಲಿ ಕೇಳಿ ನೋಡಿ, ತಿದ್ದಿಕೊಳ್ಳುವುದು ಅವಶ್ಯ.

5. ಕೇಳಿದ ಮೇಲೆ ಏನು ಮಾಡಿದಿರಿ?

ಸಮೀಕ್ಷೆಯ ಫಲವನ್ನು ಅಳೆಯುವ ನೇರವಾದ ಪ್ರಶ್ನೆ ಇದೇ: ಇದರಿಂದ ಯಾವ ನಿರ್ಧಾರ ಬದಲಾಯಿತು? ಯಾವುದೂ ಬದಲಾಗದಿದ್ದರೆ ಕಾಗದ ದಂಡ, ಕೇಳಿದವರ ಶ್ರಮ ದಂಡ, ಉತ್ತರಿಸಿದವರ ಹೊತ್ತೂ ದಂಡ.

ಸಂಘವು ಒಂದು ಪುಸ್ತಕದಲ್ಲಿ ಐದು ಕಲಮುಗಳನ್ನು ಎಳೆದುಕೊಳ್ಳಲಿ: ಬಂದ ದೂರು, ಬಂದ ದಿನ, ಹೊಣೆ ಹೊತ್ತವರು, ಮಾಡಿದ ಕೆಲಸ, ದೂರು ಕೊಟ್ಟವರಿಗೆ ತಿಳಿಸಿದ ದಿನ. ತಿಂಗಳ ಕೊನೆಗೆ ಮೂರು ಅಂಕಿಗಳನ್ನು ತೆಗೆಯಿರಿ. ಒಟ್ಟು ದೂರು ಎಷ್ಟು? ಮೂವತ್ತು ದಿನದೊಳಗೆ ಕೆಲಸ ಆದದ್ದು ಎಷ್ಟು? ದೂರು ಕೊಟ್ಟವರಿಗೆ ತಿಳಿಸಿದ್ದು ಎಷ್ಟು? ಕೊನೆಯ ಕಲಮನ್ನು ಅನೇಕರು ಖಾಲಿ ಬಿಡುತ್ತಾರೆ. “ನೀವು ಹೇಳಿದ ಮೇಲೆ ಬೆಲ್ಲವನ್ನು ಇನ್ನೂ ಎರಡು ದಿನ ಹೆಚ್ಚು ಒಣಗಿಸಿ, ತೇವ ತಗುಲದ ಚೀಲದಲ್ಲಿ ಕಟ್ಟುತ್ತಿದ್ದೇವೆ” ಎಂಬ ಒಂದು ಮಾತು ಗಿರಾಕಿಯನ್ನು ಉಳಿಸುತ್ತದೆ. ಮುಂದಿನ ಸಲ ಕೇಳಲು ಹೋದಾಗ ಅವರೇ ಕರೆದು ಕೂರಿಸಿ ಉತ್ತರ ಹೇಳುತ್ತಾರೆ. ಉತ್ತರ ಕೊಡುವವರ ಸಂಖ್ಯೆ ಸಲದಿಂದ ಸಲಕ್ಕೆ ಏರುತ್ತಿದ್ದರೆ ಜನರಿಗೆ ನಂಬಿಕೆ ಬಂದಿದೆಯೆಂದು ತಿಳಿಯಬಹುದು. ಇಳಿಯುತ್ತಿದ್ದರೆ ಕೇಳಿ ಕೇಳಿ ಸುಮ್ಮನಾಗುವವರು ಎಂದು ಅವರು ನಿಮ್ಮನ್ನು ಎಣಿಸಿದ್ದಾರೆ.

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನವಿದೆ. ಬೆಂಗಳೂರಿನಲ್ಲಿ ಸ್ಯಾಮುಯೆಲ್ ಪಾಲ್ ಅವರು ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯ ಹೆಸರಿನೊಡನೆ ‘ನಾಗರಿಕರ ವರದಿ ಕಾರ್ಡು’ ಎಂಬ ಕ್ರಮ ಸೇರಿಕೊಂಡಿದೆ. ನೀರು, ವಿದ್ಯುತ್ತು, ಟೆಲಿಫೋನು, ನಗರಸಭೆ ಮೊದಲಾದ ಸೇವೆಗಳಿಗೆ ಅವುಗಳನ್ನು ಬಳಸಿದ ಜನರಿಂದಲೇ, ಶಾಲೆಯ ಮಕ್ಕಳಿಗೆ ಕೊಡುವಂತೆ, ಅಂಕ ಕೊಡಿಸುವುದು ಇದರ ರೀತಿ. 1994ರಲ್ಲಿ ಮೊದಲ ಕಾರ್ಡು ಹೊರಬಂದಾಗ ಜನರ ಅಸಮಾಧಾನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಆದರೆ ಸೇವೆಯಲ್ಲಿ ಬದಲಾವಣೆ ಅಲ್ಪವೇ. ಅವರು ಅಲ್ಲಿಗೆ ಬಿಡಲಿಲ್ಲ. 1999ರಲ್ಲಿ ಮತ್ತೆ ಕೇಳಿದರು; ಸ್ವಲ್ಪ ಸುಧಾರಣೆ ಕಂಡಿತು. 2003ರಲ್ಲಿ ಮೂರನೆಯ ಸಲ ಕೇಳಿದಾಗ ಸುಧಾರಣೆ ಎದ್ದು ಕಾಣುವಷ್ಟಿತ್ತು. ನಡುವೆ ಅಧಿಕಾರಿಗಳನ್ನೂ ನಾಗರಿಕರನ್ನೂ ಒಂದೇ ಸಭೆಯಲ್ಲಿ ಕೂರಿಸಿ ಫಲಿತಾಂಶವನ್ನು ಮುಂದಿಟ್ಟರು. ಸರ್ಕಾರವೂ ನಗರದ ಸೇವೆಗಳ ಸುಧಾರಣೆಗಾಗಿ 1999ರಲ್ಲಿ ಒಂದು ಕಾರ್ಯಪಡೆಯನ್ನು ನೇಮಿಸಿತು. ಒಂದು ಸಲ ಕೇಳಿ ಬಿಟ್ಟಿದ್ದರೆ ಮೊದಲ ಕಾರ್ಡು ಕಪಾಟು ಸೇರುತ್ತಿತ್ತು. ಅದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿ, ಫಲವನ್ನು ಬಹಿರಂಗವಾಗಿ ಓದಿ, ಹಿಂದಿನದರೊಡನೆ ಹೋಲಿಸಿದ್ದರಿಂದ ಅದಕ್ಕೆ ಬಲ ಬಂತು.

ಹಳ್ಳಿಗಳ ಕೆಲಸದಲ್ಲಿಯೂ ಈ ವಿಚಾರ ಹೊಸದಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಪ್ರಾರಂಭವಾದ ವರ್ಷವೇ, ಕೆಲಸದ ಫಲವನ್ನು ಅಳೆಯಲು ಯೋಜನಾ ಆಯೋಗದ ಅಡಿಯಲ್ಲಿ ಪ್ರತ್ಯೇಕ ಮೌಲ್ಯಮಾಪನ ಸಂಸ್ಥೆಯನ್ನು ಸ್ಥಾಪಿಸಲಾಯಿತು. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿಯು ಕಾರ್ಯಕ್ರಮವನ್ನು ಪರಿಶೀಲಿಸಿ, ಜನರು ತಾವಾಗಿ ಮುಂದೆ ಬಂದು ಹೊಣೆ ಹೊರುವುದು ಸಾಲದೆಂದು ಕಂಡು, ಮೂರು ಹಂತದ ಪಂಚಾಯತಿಗಳನ್ನು ಶಿಫಾರಸು ಮಾಡಿತು. 1959ರಲ್ಲಿ ರಾಜಸ್ಥಾನದ ನಾಗೌರ್‌ನಲ್ಲಿ ಆ ವ್ಯವಸ್ಥೆ ಉದ್ಘಾಟನೆಯಾಯಿತು. ಇಲ್ಲಿ ಪರಿಶೀಲನೆಯು ಕಡತದಲ್ಲಿ ಉಳಿಯದೆ ನಿರ್ಧಾರವಾಗಿ ಪರಿಣಮಿಸಿತು.

6. ಸುಧಾರಣೆ ನಿಮ್ಮಿಂದಲೇ ಆಯಿತೇ?

ಬೆಲ್ಲ ಒಣಗಿಸಿ, ಹೊಸ ಚೀಲದಲ್ಲಿ ಕಟ್ಟಿ ಮಾರಿದ ಮೇಲೆ ಮಾರಾಟ ಏರಿತು ಎನ್ನಿ. ಅದು ಹೊಸ ಚೀಲದ ಫಲವೋ, ಸಂಕ್ರಾಂತಿ ಯುಗಾದಿಗಳ ಫಲವೋ? ಹೊಸ ಗೊಬ್ಬರವನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಗೊಬ್ಬರ ಹಾಕದ ಒಂದು ತಾಕನ್ನು ಬಿಡುತ್ತೇವಲ್ಲವೇ? ಮಳೆ ಎರಡಕ್ಕೂ ಒಂದೇ. ಆದ್ದರಿಂದ ಎರಡರ ಇಳುವರಿಯ ವ್ಯತ್ಯಾಸ ಮಾತ್ರ ಗೊಬ್ಬರದ್ದು. ಇಲ್ಲಿಯೂ ಹಾಗೆಯೇ ಮಾಡಬೇಕು.

240 ಮನೆಗಳನ್ನು ಒಂದೇ ಬಗೆಯ ಎರಡು ಭಾಗ ಮಾಡಿರಿ. ಒಂದು ಭಾಗದ 120 ಮನೆಗಳಿಗೆ ಹೊಸ ಚೀಲದ ಬೆಲ್ಲ, ಇನ್ನೊಂದು ಭಾಗದ 120 ಮನೆಗಳಿಗೆ ಮೊದಲಿನಂತೆಯೇ. ಮೂರು ತಿಂಗಳ ನಂತರ ಪುಸ್ತಕ ನೋಡಿರಿ.

ಹೊಸ ಚೀಲದ ಭಾಗ: ಮತ್ತೆ ಕೊಂಡ ಮನೆಗಳು ಮೊದಲು 48, ಈಗ 72. ಹೆಚ್ಚಳ 24.
ಹಳೆಯ ರೀತಿಯ ಭಾಗ: ಮೊದಲು 48, ಈಗ 60. ಹೆಚ್ಚಳ 12.

ಹಬ್ಬದಿಂದಲೇ 12 ಮನೆ ಹೆಚ್ಚಾದವು. ಹೊಸ ಕ್ರಮದ ಫಲ 24 ಅಲ್ಲ, ಉಳಿದ 12 ಮನೆ. ಹೋಲಿಕೆಯ ಭಾಗವನ್ನು ಬಿಡದಿದ್ದರೆ ಫಲವನ್ನು ಇಮ್ಮಡಿಯಾಗಿ ತಿಳಿಯುತ್ತಿದ್ದೆವು. ಹೀಗೆ ಎರಡು ಭಾಗ ಮಾಡಲು ಆಗದಿದ್ದರೆ ಹೋದ ವರ್ಷದ ಅದೇ ತಿಂಗಳೊಡನೆಯಾದರೂ ಹೋಲಿಸಬೇಕು. ಆಷಾಢವನ್ನು ಶ್ರಾವಣದೊಡನೆ ಹೋಲಿಸಬಾರದು.

7. ಖರ್ಚಿಗೆ ತಕ್ಕ ಫಲ

ಕೊನೆಯದಾಗಿ ಹಣದ ಲೆಕ್ಕ. ಒಂದು ಮನೆಗೆ ತಿಂಗಳಿಗೆ 2 ಕಿಲೋ, ಕಿಲೋಗೆ ಉಳಿತಾಯ 15 ರೂಪಾಯಿ, ಹೊಸ ಚೀಲದ ಹೆಚ್ಚಿನ ಖರ್ಚು ಕಿಲೋಗೆ 1 ರೂಪಾಯಿ ಎಂದಿಟ್ಟುಕೊಳ್ಳಿ.

ಹೆಚ್ಚಾದ 12 ಮನೆಗಳಿಂದ 24 ಕಿಲೋ. ಉಳಿತಾಯ 360 ರೂಪಾಯಿ.
72 ಮನೆಗಳ 144 ಕಿಲೋಗೆ ಚೀಲದ ಖರ್ಚು 144 ರೂಪಾಯಿ.
ತಿಂಗಳಿಗೆ ನಿಂತ ಲಾಭ 216 ರೂಪಾಯಿ.

ಇನ್ನೊಂದು ಭಾಗಕ್ಕೂ ಇದೇ ಕ್ರಮವನ್ನು ವಿಸ್ತರಿಸಿ, ಅಲ್ಲಿಯೂ ಅಷ್ಟೇ ಫಲ ಬಂದರೆ ತಿಂಗಳಿಗೆ 432 ರೂಪಾಯಿ. ಸಮೀಕ್ಷೆಗೆ ಕಾಗದ, ಓಡಾಟ, ಇಬ್ಬರ ಕೂಲಿ ಸೇರಿ 1,300 ರೂಪಾಯಿ ತಗುಲಿದ್ದರೆ ಸುಮಾರು ಮೂರು ತಿಂಗಳಲ್ಲಿ ಅದು ತೀರಿತು. ಮುಂದಿನದೆಲ್ಲ ಲಾಭ. ಇಂತಹ ಸಮೀಕ್ಷೆಯನ್ನು ಧಾರಾಳವಾಗಿ ಮಾಡಬಹುದು. ಸಮೀಕ್ಷೆಯ ಖರ್ಚು ವರ್ಷ ಕಳೆದರೂ ಹುಟ್ಟದಿದ್ದರೆ ಪ್ರಶ್ನೆಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ಬೇರೆ ವಿಷಯ ಕೇಳಬೇಕು.

ಒಂದು ಎಚ್ಚರಿಕೆ

ಸಂಘದ ಮಾರಾಟಗಾರನಿಗೆ “ಗಿರಾಕಿಗಳು ಹೆಚ್ಚು ಅಂಕ ಕೊಟ್ಟರೆ ಹೆಚ್ಚು ಸಂಬಳ” ಎಂದು ಕಟ್ಟುಮಾಡಬೇಡಿ. ಹಾಗೆ ಮಾಡಿದರೆ ಆತ ಬೆಲ್ಲವನ್ನು ಸುಧಾರಿಸುವ ಬದಲು ಅಂಕವನ್ನೇ ಬೇಡಲು ತೊಡಗುತ್ತಾನೆ. “ಐದಕ್ಕೆ ಐದು ಕೊಡಿ ಅಮ್ಮಾ, ನನ್ನ ಹೊಟ್ಟೆಪಾಡು” ಎಂಬ ಮಾತು ಪಟ್ಟಣದವರಿಗೆಲ್ಲ ಪರಿಚಿತ. ಅಂಕವು ಏರುತ್ತದೆ, ಗಿರಾಕಿ ಇಳಿಯುತ್ತಾನೆ.

ಈ ಪಾಠದ ಇನ್ನೊಂದು ಮುಖವನ್ನೂ ಮರೆಯಬಾರದು. ನಾವು ಬೆಲ್ಲ ಮಾರುವಾಗ ಕೇಳುವವರು. ಹಾಲಿನ ಡೈರಿಯಲ್ಲಿ, ಗೊಬ್ಬರದ ಅಂಗಡಿಯಲ್ಲಿ, ಟ್ರ್ಯಾಕ್ಟರ್ ಬಾಡಿಗೆಗೆ ಪಡೆಯುವಲ್ಲಿ ನಾವೇ ಗಿರಾಕಿಗಳು. ಅಲ್ಲಿ ಯಾರಾದರೂ ನಮ್ಮ ಅಭಿಪ್ರಾಯ ಕೇಳಿದರೆ ದಾಕ್ಷಿಣ್ಯಕ್ಕೆ “ಎಲ್ಲಾ ಸರಿಯಾಗಿದೆ” ಎನ್ನಬೇಡಿ. ಹಾಲಿನ ಡಿಗ್ರಿ ನೋಡುವಾಗ ಚೀಟಿ ಕೊಡುತ್ತಾರೆಯೇ, ಹೇಳಿದ ದಿನ ಯಂತ್ರ ಬಂತೇ ಎಂಬುದನ್ನು ನಡೆದಂತೆ ಹೇಳಿರಿ. ಹೋದ ಸಲ ಹೇಳಿದ್ದಕ್ಕೆ ಏನಾಯಿತು ಎಂದೂ ಕೇಳಿರಿ. ಉದ್ಯೋಗ ಖಾತರಿ ಕೆಲಸಗಳಿಗೆ ಸಂಬಂಧಿಸಿದಂತೆ 2005ರ ಕಾಯಿದೆಯು ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆಯ ಅಧಿಕಾರವನ್ನು ಕೊಟ್ಟಿತು. ಅದರ ಹಿಂದಿದ್ದ ವಿಚಾರವೂ ಇದೇ: ಸೇವೆ ಪಡೆಯುವವರೇ ಸೇವೆಯನ್ನು ತೂಗಬೇಕು.

ನೆನಪಿಡಬೇಕಾದ ಅಂಶಗಳು

ಅ. ಹೆಸರುಗಳನ್ನು ಪಟ್ಟಿಯಿಂದ ಚೀಟಿ ಎತ್ತಿ ಆರಿಸಿರಿ, ಪರಿಚಯದವರನ್ನೇ ಆರಿಸಬೇಡಿ.
ಆ. ಉತ್ತರ ಕೊಡದವರಲ್ಲಿ ಕೆಲವರ ಮನೆಗಾದರೂ ಹೋಗಿರಿ.
ಇ. ಅಭಿಪ್ರಾಯದ ಬದಲು ನಡೆದ ಸಂಗತಿಯನ್ನು ಕೇಳಿರಿ. ಉತ್ತರವನ್ನು ಪ್ರಶ್ನೆಯಲ್ಲಿಯೇ ಇಡಬೇಡಿ.
ಈ. ಮಾತನ್ನು ಮಾರಾಟದ ಪುಸ್ತಕದೊಡನೆ ಹೋಲಿಸಿರಿ.
ಉ. ಮಾಡಿದ ಕೆಲಸವನ್ನು ದೂರು ಕೊಟ್ಟವರಿಗೆ ತಿಳಿಸಿರಿ.
ಊ. ಹೋಲಿಕೆಯ ತಾಕಿಲ್ಲದೆ ಫಲವನ್ನು ಎಣಿಸಬೇಡಿ.
ಋ. ಖರ್ಚನ್ನೂ ಬರೆದಿಡಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಸಂಘದ ಗಿರಾಕಿಗಳ ಪೂರ್ಣ ಪಟ್ಟಿ ಇದೆಯೇ? ಇಲ್ಲದಿದ್ದರೆ ಯಾರು, ಎಂದಿನೊಳಗೆ ಬರೆಯುವರು?
2. ಹೋದ ವರ್ಷ ಕೊಂಡು ಈ ವರ್ಷ ಕೊಳ್ಳದವರು ಎಷ್ಟು ಮನೆ? ಅವರಲ್ಲಿ ಐದು ಮನೆಗೆ ಯಾರು ಹೋಗುವರು?
3. 80 ಮನೆಗಳನ್ನು ಕೇಳಿದಾಗ 50 ಮನೆಯವರು ಉತ್ತರಿಸಿದರು. ಅವರಲ್ಲಿ 40 ಮನೆಯವರು “ಚೆನ್ನಾಗಿದೆ” ಎಂದರು. ನಿಜವಾದ ಶೇಕಡಾವಾರು ಯಾವ ಎರಡು ಅಂಕಿಗಳ ನಡುವೆ ಇರಬೇಕು? (ಉತ್ತರ: 50 ಮತ್ತು 87.5)
4. ನಿಮ್ಮ ಪದಾರ್ಥದ ಬಗ್ಗೆ, ದಾಕ್ಷಿಣ್ಯವಿಲ್ಲದೆ ಉತ್ತರಿಸಬಹುದಾದ ಒಂದು ಪ್ರಶ್ನೆಯನ್ನು ಎಲ್ಲರೂ ಸೇರಿ ರಚಿಸಿರಿ.

ಈ ನಾಲ್ಕು ಪ್ರಶ್ನೆಗಳಿಗೆ ಒಂದು ಸಂಜೆಯ ಸಭೆ ಸಾಕು. ಮೊದಲ ಪ್ರಶ್ನೆಯ ಪಟ್ಟಿ ಸಿದ್ಧವಾದರೆ ಉಳಿದ ಕೆಲಸಕ್ಕೆ ಅಲ್ಲಿಂದಲೇ ದಾರಿ ತೆರೆಯುತ್ತದೆ.